ಖಾಲಿ ಬಿಟ್ಟ ರೂಪ

ಬ್ಲಾಜ್ ಊರಿನ ಶಾಲೆ. ತರ್ನಾವ ಹೊಳೆಯ ಮಂಜು
ಕಿಟಕಿಗೆ ಮುಖವೊತ್ತಿ ನಿಂತ ಎರಡನೇ ಪಿರಿಯಡ್ಡು.
ವೆತೂರಿಯಾ ಮೇಡಂ ಸೀಮೆಸುಣ್ಣ ಮುರಿದು
ಲ್ಯಾಟಿನ್ನಿನ ಒಂದು ವಿಶೇಷಣ ಬರೆದರು: ಒರ್ಬುಸ್.

"ಅಗಲಿದ, ನೀಗಿಕೊಂಡ ಅಂತ ಅರ್ಥ.
ಅಷ್ಟಕ್ಕೇ ಬಿಡಬೇಡಿ, ಯಾವುದರಿಂದ ಅಂತ ಹೇಳಿ.
ತಂದೆಯ ದೆಸೆಯಿಂದ, ಬೆಳಕಿನ ದೆಸೆಯಿಂದ.
ಬಿಟ್ಟು ಹೋದದ್ದೇ ಪಂಚಮಿಯಾಗಿ ಬಂದು
ಪಕ್ಕದಲ್ಲಿ ಕೂರುತ್ತದೆ."

ಪುಲ್ಲಿಂಗ ಒರ್ಬುಸ್. ನಪುಂಸಕ ಒರ್ಬುಮ್.
ನಡುವೆ ಒಂದು ಗೀಟೆಳೆದು ಖಾಲಿ ಬಿಟ್ಟರು.
ಪರೀಕ್ಷೆಗೆ ಬರಬಹುದೆಂದು ನಾವು ತುಂಬಿಕೊಂಡೆವು.
ಮರುವರ್ಷವೂ ಅದೇ ಗೀಟು. ಅದರ ಮರುವರ್ಷವೂ.

ಇಲಾರಿಯೆ ಎದ್ದು ನಿಂತ: "ಸಂತೆಯಲ್ಲಿ
ಅಕಾರ್ಡಿಯನ್ ನುಡಿಸುವ ಮುದುಕನಿಗೆ
ಒರ್ಬ್ ಅಂತಾರಲ್ಲ, ಕುರುಡ ಅಂತ?"
"ಒರ್ಬುಸ್ ಒಕುಲಿಸ್. ಕಣ್ಣುಗಳಿಂದ ಅಗಲಿದವ.
ಬಾಯಿಂದ ಬಾಯಿಗೆ ಸವೆದು ಕಣ್ಣು ಉದುರಿತು,
ಅಗಲಿಕೆಯಷ್ಟೇ ಉಳಿಯಿತು.
ಪದವೂ ತನ್ನ ಪಂಚಮಿಯನ್ನು ಕಳಕೊಳ್ಳುತ್ತದೆ.
ಕೂತ್ಕೋ, ಷರಟಿನ ಗುಂಡಿ ಹಾಕ್ಕೋ."

ಆ ಸಂಜೆ ದಪ್ಪ ನಿಘಂಟಿನಲ್ಲಿ ಬೇರು ಹುಡುಕಿದೆ.
ಆರ್ಮೇನಿಯರಲ್ಲಿ ಅದು ತಬ್ಬಲಿ.
ಸ್ಲಾವರಲ್ಲಿ ಜೀತದಾಳು
(ತಬ್ಬಲಿಗೆ ಪರರ ಹೊಲವಲ್ಲದೆ ಇನ್ನೆಲ್ಲಿ?)
ಜರ್ಮನರಲ್ಲಿ, ಸತ್ತವರು ಬಿಟ್ಟ ಆಸ್ತಿ.
ಕಟ್ಟಕಡೆಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ,
ದೂರದ ಮೂಡಲಿನ ಸಂಸ್ಕೃತ: ಅರ್ಭಕ.
ಚಿಕ್ಕದು. ಮಗು.
ಅಲ್ಲಿ ಯಾರೂ ಇನ್ನೂ ಸತ್ತಿರಲಿಲ್ಲ.

ಈಗ ಗುರುವಾರಗಳಂದು ಮೇಡಂಗೆ ಪೇಪರ್ ಓದುತ್ತೇನೆ.
ಕಪಾಟಿನ ಮೇಲೆ ಸಾಲಾಗಿಟ್ಟ ಕ್ವಿನ್ಸ್ ಹಣ್ಣು;
ವಾಸನೆ ಹಿಡಿದು ಎಣಿಸುತ್ತಾರೆ, ಒಂದು ಕೊಳೆತಿದೆ ಎನ್ನುತ್ತಾರೆ.
ಕೊಳೆತೇ ಇರುತ್ತದೆ.

ಮೊನ್ನೆ ಆ ಕಟ್ಟಕಡೆಯ ಸಾಲು ಹೇಳಿದೆ.
"ಇನ್ನೊಮ್ಮೆ ಹೇಳು." ಅರ್ಭಕ.
ಆ ಮಹಾಪ್ರಾಣ ಅವರ ತುಟಿಗೆ ದಕ್ಕಲಿಲ್ಲ.
ಮೂರು ಸಲ ಯತ್ನಿಸಿದರು,
ಆರಿದ ಒಲೆ ಊದುವವರ ಹಾಗೆ.

ಆಮೇಲೆ, ಮೇಜುಬಟ್ಟೆಯ ಸುಕ್ಕನ್ನು ಸವರುತ್ತ,
"ಆ ನಡುವಿನದು ಒರ್ಬ," ಎಂದರು.
"ಈಗಿನ ಮಾತಿನಲ್ಲಿ ಓಆರ್ಬ.
ಮೊದಲು ಒಂದೇ ನನಗೆ ಹೊಂದುತ್ತಿತ್ತು,
ಲಿಂಗ, ವಚನ, ವಿಭಕ್ತಿ, ಎಲ್ಲ. ಈಗ ಎರಡೂ."

ಯಾವುದರಿಂದ ಎಂದು ನಾನು ಕೇಳಲಿಲ್ಲ.
ಇಪ್ಪತ್ತು ವರ್ಷದ ಹಿಂದಿನ ನನ್ನ ನೋಟ್‌ಬುಕ್ಕಿನಲ್ಲಿ
ನೀಲಿ ಶಾಯಿಯಲ್ಲಿ, ದುಂಡಗೆ, ತಪ್ಪಿಲ್ಲದೆ
ಅದನ್ನು ತುಂಬಿದ್ದೆ.

"ಹವಾಮಾನ ಓದು," ಎಂದರು.
ಓದಿದೆ: ಬೆಳಗಿನ ಹೊತ್ತು ಹೊಳೆಯಗುಂಟ ಮಂಜು.