ಮೈನಸ್ ಆರು

ಜೊವಾಲ್ ದಕ್ಕೆಯಲ್ಲಿ ಬೆಳಗಿನ ಹತ್ತಕ್ಕೇ
ಕಪ್ಪೆಚಿಪ್ಪಿನ ನೆಲ ಕಾದು ಅಂಗಾಲು ಕಚ್ಚುತ್ತದೆ.
ಸಿರಾ ಫಾಯ್ ಅಂಗಡಿ ಬಾಗಿಲಲ್ಲೇ ನಿಂತು ಬೈಯುತ್ತಿದ್ದಾಳೆ:
ಕರೆಂಟನ್ನು, ಕಾಯಿಲೆ ಬಿದ್ದ ಫ್ರೀಜರನ್ನು,
ಬಾಗಿಲು ಮುಚ್ಚಲು ಬಾರದ ತಂಗಿಯ ಮಗಳು ಯಾಂದೆಯನ್ನು,
ಆಮೇಲೆ, ತಡವಾಗಿ ಬಂದ ನನ್ನನ್ನು.

ಒಳಗಿನ ಥರ್ಮಾಮೀಟರು ಮೈನಸ್ ಆರು ಅನ್ನುತ್ತದೆ.
ಇರಬೇಕಾದದ್ದು ಹದಿನೆಂಟು.
ಹನ್ನೆರಡು ಡಿಗ್ರಿ ಕಳುವಾಗಿದೆ; ಕದ್ದವರಾರೆಂದು
ಹೇಳುವುದು ನನ್ನ ಹೊಟ್ಟೆಪಾಡು.
ಮೇಲಿದ್ದ ಚೋಫ್ ಮೀನಿನ ಬೆನ್ನು ಒತ್ತಿದೆ,
ಹೆಬ್ಬೆರಳು ತುಸು ಒಳಗಿಳಿಯಿತು.
ಸಿರಾ ನೋಡಲಿಲ್ಲ ಅಂದುಕೊಂಡೆ. ನೋಡಿದ್ದಳು.

ಮೊದಲು ಕಿವಿ. ಜೊಗೊಯ್ ನನಗೆ ಕಲಿಸಿದ್ದು ಹಾಗೆ:
ಸ್ಕ್ರೂಡ್ರೈವರಿನ ತುದಿ ಕಂಪ್ರೆಸರಿಗೆ, ಹಿಡಿ ಕಿವಿಗೆ.
ಯಂತ್ರ ಸುಳ್ಳಾಡುವುದಿಲ್ಲ, ಮಗಾ, ಯಜಮಾನ ಆಡುತ್ತಾನೆ.
ಗುಂಯ್ ಅನ್ನುತ್ತಿದೆ. ದಣಿದಿದೆ, ಕೆಟ್ಟಿಲ್ಲ.

ಆಮೇಲೆ ನೋಟು. ಸಾವಿರ ಫ್ರಾಂಕಿನದೊಂದನ್ನು
ಬಾಗಿಲ ರಬ್ಬರಿಗೆ ಸಿಕ್ಕಿಸಿ, ಮುಚ್ಚಿ, ಎಳೆದೆ.
ಬಿಗಿ. ಮೂಲೆಮೂಲೆಗೂ ಬಿಗಿ.
“ನಾನಲ್ಲ ಅಂದಿದ್ದೆ,” ಎಂದಳು ಯಾಂದೆ, ಗೋಡೆಗೆ.
ನೋಟು ಸಿರಾಳದು; ಮರೆಯದೆ ಇಸಕೊಂಡಳು.

ಹಿಂಬದಿಯ ಜಾಲರಿಯಲ್ಲಿ ಮೀನಿನ ಹುರುಪೆ, ಮರಳು,
ಎಲ್ಲಿಂದಲೋ ಒಂದು ಕೋಳಿಪುಕ್ಕ. ಕೆರೆದು ತೆಗೆದೆ.
ತಪ್ಪೇ ಇದು, ಆದರೆ ಹನ್ನೆರಡು ಡಿಗ್ರಿಯ ತಪ್ಪಲ್ಲ.

ಕಂಪ್ರೆಸರಿನ ಮುಚ್ಚಳದ ಒಳಗೆ ಕಪ್ಪು ಮಾರ್ಕರಿನ ಬರಹ:
ಗ್ಯಾಸು, ಮಾರ್ಚ್ ಹದಿನಾಲ್ಕು.
ಗ್ಯಾಸು, ಜೂನ್ ಎರಡು.
ಕೆಳಗೆ ಬಾಲ ಸೊಟ್ಟಗಾದ ಒಂದು ಸಹಿ.
ಆ ಬಾಲ ನನಗೆ ಗೊತ್ತು.
ಹನ್ನೊಂದು ವರ್ಷ ಅದರಡಿ ಸಂಬಳ ಎಣಿಸಿದ್ದೇನೆ.

ಗೇಜು ಕಚ್ಚಿಸಿದರೆ ನೀಲಿ ಮುಳ್ಳು ತೀರಾ ಕೆಳಗೆ.
ಎಲ್ಲರೂ ಜಾರುವುದು ಇಲ್ಲೇ.
ಮುಳ್ಳು ಬಿದ್ದರೆ ಗ್ಯಾಸು ಸೋರಿದೆ ಅನ್ನುತ್ತಾರೆ,
ತುಂಬಿಸಿ, ದುಡ್ಡು ಎಣಿಸಿ, ಹೋಗುತ್ತಾರೆ.
“ತುಂಬಿಸಿದ ಮೇಲೆ ವಾರವಿಡೀ ಕಲ್ಲಿನಂತಾಗಿತ್ತು ಮೀನು,
ಆಮೇಲೆ ಮತ್ತೆ ಅದೇ ರಾಗ,” ಎಂದಳು ಸಿರಾ.
ಆ ಹೊತ್ತು ಯಂತ್ರ ಆರಿಸಿಟ್ಟಿದ್ದನಲ್ಲ, ಅದಕ್ಕೆ.
ವಾಸಿ ಮಾಡಿದ್ದು ಮದ್ದಲ್ಲ, ನಿದ್ದೆ.
ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ.

ಒಳತಗಡಿಗೆ ಎಂಟು ಸ್ಕ್ರೂ. ಎಂಟರ ತಲೆಯ ಮೇಲೂ
ಕಾರ್ಖಾನೆಯ ಬಿಳಿ ಬಣ್ಣ, ಒಂದು ಗೀರೂ ಇಲ್ಲ.
ಯಾರೂ ಬಿಚ್ಚಿಲ್ಲ.
ಬಿಚ್ಚಿದೆ.

ಕಾಯಿಲ್ ಇರಬೇಕಾದಲ್ಲಿ ಮಂಜಿನ ಗೋಡೆ.
ಫ್ಯಾನಿನ ರೆಕ್ಕೆ ಅದರಲ್ಲಿ ಅರ್ಧ ಹೂತು
ಅಲುಗಲಾರದೆ ನಡುಗುತ್ತಿತ್ತು.
“ಇಷ್ಟೊಂದು ತಣ್ಣಗಿದೆಯಲ್ಲ!” ಸಿರಾಳ ಬಾಯಿ ತೆರೆದೇ ಇತ್ತು.
ಇದೆ. ಅದೇ ತೊಂದರೆ.
ಹೀಟರಿನ ಎರಡು ತುದಿಗೂ ಮೀಟರಿನ ಮುಳ್ಳು ಮುಟ್ಟಿಸಿದೆ:
ಸದ್ದಿಲ್ಲ. ಸುಟ್ಟು ತಿಂಗಳುಗಟ್ಟಲೆಯಾಗಿದೆ.

“ಮೀನಿನ ಪೆಟ್ಟಿಗೆಯೊಳಗೆ ಒಲೆಯೇಕೆ?”
ದಿನಕ್ಕೆ ನಾಲ್ಕು ಸಲ ಅದಕ್ಕೂ ಜ್ವರ ಬರಬೇಕು, ಅಮ್ಮಾ,
ಬೆವರಿ, ಮೈಮೇಲಿನದನ್ನು ಕಳಚಿಕೊಳ್ಳಲು.
ಬಾರದಿದ್ದರೆ ತನ್ನ ಚಳಿಯನ್ನೇ ಹೊದ್ದು ಕೂರುತ್ತದೆ.

ಯಾಂದೆ ಚಹಾಕ್ಕಿಟ್ಟ ನೀರನ್ನೇ ತಂದು ಸುರಿದಳು.
ಹಲ್ಲೆ ಹಲ್ಲೆಯಾಗಿ ಕಳಚಿ ಬಿತ್ತು ಮಂಜು;
ದಕ್ಕೆಯ ಮಕ್ಕಳು ಎತ್ತಿಕೊಂಡು ಓಡಿ ನೆಕ್ಕಿ ಉಗುಳಿದರು.
ಹಳೆಯ ಯಂತ್ರವೊಂದರಿಂದ ಬಿಚ್ಚಿಟ್ಟಿದ್ದ ಹೀಟರು ಹಾಕಿದೆ,
ಹೆಚ್ಚಾಗಿದ್ದ ಗ್ಯಾಸನ್ನು ಸಿಲಿಂಡರಿಗೆ ಎಳೆದುಕೊಂಡೆ.

“ಹಾಗಾದರೆ ಆ ಮುದುಕ ನನಗೆ ಟೋಪಿ ಹಾಕಿದ.”
ಜೊಗೊಯ್‌ಗೆ ಈಗ ಎಡಗಿವಿ ಪೂರ್ತಿ ಹೋಗಿದೆ.
ಮೊನ್ನೆ ಅವನ ಮನೆಯಲ್ಲಿ ರೇಡಿಯೋ ನಿಂತದ್ದು
ಅವನಿಗೆ ನಾನು ಹೇಳಬೇಕಾಯಿತು.
“ಇಲ್ಲ,” ಎಂದೆ, “ಹೀಟರು ಸುಟ್ಟದ್ದು ಈ ವಾರ.”
ಸಿರಾ ನನ್ನನ್ನು ಆ ಚೋಫ್ ಮೀನಿನಂತೆ ಒತ್ತಿ ನೋಡಿದಳು,
ಕಣ್ಣಲ್ಲೇ.

ಮಾರ್ಕರು ತೆಗೆದು ಅವನ ಸಹಿಯ ಕೆಳಗೆ
ತಾರೀಕು ಬರೆದೆ. ಕೆಲಸ ಏನೆಂದು ಬರೆಯಲಿಲ್ಲ.

ಚಹಾ ಒಂದು ಸುತ್ತು, ಕಹಿ. ಎರಡನೆಯದು ಪರವಾಗಿಲ್ಲ.
ಮೂರನೆಯದಕ್ಕೆ ಯಾಂದೆ ಬಗ್ಗಿ ನೋಡಿ ಕೂಗಿದಳು:
ಮೈನಸ್ ಏಳು.
“ಬಾಗಿಲು ಮುಚ್ಚೇ!” ಎಂದೆವು ಇಬ್ಬರೂ.