ಅಳೆದೂ ಸುರಿದೂ

ಒಂಬತ್ತು ಜನ ಬಿಸಿನೆಸ್ ಅನಲಿಸ್ಟರು. ಅಳೆಯುವವನು ನಾನೊಬ್ಬ,
ಮಾರತಹಳ್ಳಿಯ ಏಳನೇ ಮಹಡಿಯಲ್ಲಿ,
ಏಪ್ರಿಲ್ಲಿನಲ್ಲೂ ಸ್ವೆಟರ್ ಹಾಕಿಸುವ ಏಸಿಯ ಕೆಳಗೆ.

ಮೇಲಿನಿಂದ ಬಂದ ಮೇಲ್ ಚಿಕ್ಕದು:
ಯಾರು ಎಷ್ಟು ಕೆಲಸ ಮಾಡುತ್ತಾರೆ, ಒಂದೇ ಅಂಕಿಯಲ್ಲಿ ತಿಳಿಸಿ.
ಶುಕ್ರವಾರದೊಳಗೆ.

ಕೋಡು ಬರೆಯುವವರಿಗೆ ಸಾಲುಗಳಿವೆ,
ಟೆಸ್ಟ್ ಮಾಡುವವರಿಗೆ ಹಿಡಿದ ತಪ್ಪುಗಳಿವೆ,
ಗೇಟಿನಾಚೆ ಟೀ ಮಾರುವ ಅಂದಾನಪ್ಪನಿಗೂ ಲೋಟಗಳಿವೆ.
ಇವರದೇನು?
ಕೇಳುವುದು. ಕೇಳಿದ್ದನ್ನು ಬರೆಯುವುದು. ಬರೆದದ್ದನ್ನು
ಹೇಳಿದವರ ಮುಂದೆಯೇ ಓದಿ
'ಅಯ್ಯೋ, ನಾನು ಹೇಳಿದ್ದು ಇದಲ್ಲ' ಅನ್ನಿಸಿಕೊಳ್ಳುವುದು.
ಮತ್ತೆ ಕೇಳುವುದು.

ಸೇರಿಗೆ ರಾಗಿ ಗೊತ್ತು, ಮೊಳಕ್ಕೆ ಮಲ್ಲಿಗೆ ಗೊತ್ತು.
ಪ್ರಶ್ನೆಯನ್ನು ಯಾವ ಪಾವಿನಲ್ಲಿ ಅಳೆಯಲಿ?
ತಲೆ ಸವರಿ ಅಳೆಯಲೋ, ಗೋಪುರ ಕಟ್ಟಿ ಅಳೆಯಲೋ?
ಅಳೆದೂ ಸುರಿದೂ ಕೊನೆಗೆ ಬರೆದೆ:
ವಾರಕ್ಕೆ ದಾಖಲಿಸಿದ ಬೇಡಿಕೆಗಳ ಸಂಖ್ಯೆ.

ಮೊದಲ ವಾರ ನಲವತ್ತೆರಡು.
ಮೂರನೇ ವಾರ ನೂರಾ ಹದಿನೇಳು!
ಖುಷಿಯಾಗಿ ತೆರೆದು ನೋಡಿದರೆ
ಸುಧೀಂದ್ರ ಒಂದು ಬೇಡಿಕೆಯನ್ನು ಏಳಾಗಿ ಸೀಳಿದ್ದಾನೆ:
ಬಟನ್ ಇರಬೇಕು. ಬಟನ್ ಹಸಿರಾಗಿರಬೇಕು.
ಬಟನ್ ಒತ್ತಿದರೆ ಒತ್ತಿದಂತಿರಬೇಕು.
ದೋಸೆ ಹೆಚ್ಚಿದ್ದು ಹಿಟ್ಟು ಹೆಚ್ಚಿ ಅಲ್ಲ,
ಸೌಟು ಚಿಕ್ಕದಾಗಿ.

ತಬಸ್ಸುಮ್ ಹೆಸರಿನ ಮುಂದೆ ಮಾತ್ರ ಏನೂ ಇಲ್ಲ.
ಎರಡು ವಾರದಿಂದ ಅವಳು ಪೀಣ್ಯದಲ್ಲಿದ್ದಳು,
ಎರಡನೇ ಹಂತದ ಔಷಧಿ ಗೋದಾಮಿನಲ್ಲಿ,
ಗೇಟು ಕಾಯುವ ಮುನಿಕೆಂಪಯ್ಯನ ಪಕ್ಕ, ಪ್ಲಾಸ್ಟಿಕ್ ಸ್ಟೂಲಿನ ಮೇಲೆ.
ಅಂಗಡಿಗಳಿಂದ ವಾಪಸು ಬರುವ ಇನ್ಸುಲಿನ್ ಪೆಟ್ಟಿಗೆಗಳ
ಲೆಕ್ಕ ಇಡಲು ಹನ್ನೊಂದು ಪರದೆ ಬೇಕು ಎಂದು
ಕಂಪನಿ ಕೇಳಿತ್ತು. ನಾವೂ ಒಪ್ಪಿ, ದರ ಹೇಳಿಯಾಗಿತ್ತು.

ಅವಳು ಪರದೆಯ ಮಾತೇ ಆಡಲಿಲ್ಲವಂತೆ.
'ಯಾವ ಲಾರಿಯವು ವಾಪಸು ಬರ್ತವೆ, ಚಿಕ್ಕಪ್ಪಾ?' ಎಂದಳಂತೆ.
ಮುನಿಕೆಂಪಯ್ಯ ಕೆಂಪು ಪೆನ್ಸಿಲ್ಲಿನ ಗುರುತುಗಳ ಪುಸ್ತಕ ತಿರುವಿ
'ನಾಲ್ಕು ಗಂಟೆ ಲಾರಿದು ಕಣಮ್ಮ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.'

ನಾಲ್ಕು ಗಂಟೆಗೆ ಬಿಸಿಲು ನೆಟ್ಟಗೆ ಲಾರಿ ತುಂಬುವ ಕಟ್ಟೆಗೆ ಬೀಳುತ್ತದೆ.
ಅರ್ಧ ಗಂಟೆ ಪೆಟ್ಟಿಗೆಗಳು ಅಲ್ಲೇ ಕಾಯುತ್ತವೆ.
ಅವಳ ವರದಿ ಒಂದೂವರೆ ಸಾಲು:
ಹನ್ನೊಂದು ಪರದೆ ಬೇಡ. ಒಂದು ಸಾಕು,
ಟಾರ್ಪಾಲಿನದು.

ಬೇಡಿಕೆ ದಾಖಲಿಸಿದ್ದು: ಸೊನ್ನೆ.
ರದ್ದಾದವು ಹನ್ನೊಂದು, ಅದಕ್ಕೆ ನನ್ನ ಹಾಳೆಯಲ್ಲಿ ಕಾಲಮ್ ಇಲ್ಲ.
ಹೊಸದೊಂದು ಸೇರಿಸಲೇ? ಸೇರಿಸಿದರೆ ನಾಳೆಯಿಂದ ಸುಧೀಂದ್ರ
ರದ್ದು ಮಾಡಲೆಂದೇ ಬೇಡಿಕೆ ಹುಟ್ಟಿಸುತ್ತಾನೆ.

ಲಿಫ್ಟಿನ ಬಳಿ ಸಿಕ್ಕಳು. ಬ್ಯಾಗಿನ ಮೇಲಿನ್ನೂ ಪೀಣ್ಯದ ಧೂಳು.
'ನಿನ್ನ ಹೆಸರಿನ ಮುಂದೆ ಏನು ಬರೀಲಿ?' ಎಂದೆ.
ಸ್ವಲ್ಪ ಯೋಚಿಸಿ, ಗೋದಾಮಿನಲ್ಲಿ ಕೇಳಿದ ಹಾಗೇ ಕೇಳಿದಳು:
'ಈ ಅಂಕಿ ಯಾರಿಗೆ ಬೇಕು ಸರ್?
ಸಿಕ್ಕಮೇಲೆ ಅದರಿಂದ ಏನು ಮಾಡ್ತಾರೆ?'

ಲಿಫ್ಟು ಬಂತು. ಅವಳು ಹೋದಳು.
ಏಳು ತಿಂಗಳಿಂದ ಅಳೆಯುತ್ತಿದ್ದೇನೆ,
ಇದನ್ನು ನಾನು ಯಾರನ್ನೂ ಕೇಳಿರಲಿಲ್ಲ.

ಸೊನ್ನೆ ಬರೆಯಲು ಕೈ ಬರಲಿಲ್ಲ. ಖಾಲಿ ಬಿಟ್ಟೆ.
ಎಕ್ಸೆಲ್‌ಗೆ ಸೊನ್ನೆ ಎಂದರೆ ಒಬ್ಬ ಮನುಷ್ಯ,
ಖಾಲಿ ಎಂದರೆ ಯಾರೂ ಇಲ್ಲ.
ಅದು ಎಂಟೇ ಜನರಿಂದ ಭಾಗಿಸಿತು, ಸರಾಸರಿ ಏರಿತು.
ಸೋಮವಾರ ಮೇಲಿನಿಂದ ಮೇಲ್:
'ಒಳ್ಳೆಯ ಪ್ರಗತಿ. ಹೀಗೇ ಮುಂದುವರಿಯಲಿ.'

ಓದುವಾಗ ಗೋಡೆ ಗಡಿಯಾರ ನೋಡಿದೆ. ನಾಲ್ಕು.
ಪೀಣ್ಯದಲ್ಲಿ ಈಗ ಯಾರೋ ಹಗ್ಗ ಬಿಚ್ಚಿ
ಟಾರ್ಪಾಲು ಇಳಿಸುತ್ತಿರಬೇಕು.