ಜಪಸರದ ಕಟ್ಟೆಯಲ್ಲಿ ರಜೆಯ ದಿನ

ಫೆಬ್ರವರಿ. ದೋಣಿಗಳಿಗೆಲ್ಲ ಟಾರ್ಪಾಲು ಹೊದಿಸಿ ಮಲಗಿಸಿದ್ದೇವೆ.
ಎಷ್ಟು ತಿಕ್ಕಿದರೂ ಎಂಜಿನ್ ಎಣ್ಣೆಯ ವಾಸನೆ ಬಿಡದ ಕೈಗಳನ್ನು
ಕೋಟಿನ ಜೇಬಿಗೆ ತುರುಕಿಕೊಂಡು
ಹತ್ತೊಂಬತ್ತು ವರ್ಷಕ್ಕೆ ಮೊದಲ ಸಲ
ನಡೆದು ಬಂದಿದ್ದೇನೆ ಬ್ರೂಜಿನ ಈ ಕಟ್ಟೆಗೆ,
ಬರೀ ನೋಡುವುದಕ್ಕೆ.

ನನಗೆ ಗೊತ್ತಿರುವುದು ಈ ಊರಿನ ಗದ್ದ, ಈ ಊರಿನ ಕಂಕುಳು.
ಸೇತುವೆಯ ಹೊಟ್ಟೆಯಡಿ ನುಗ್ಗುವಾಗ
ತಲೆ ಬಗ್ಗಿಸಿ, ತಲೆ ಬಗ್ಗಿಸಿ ಅನ್ನುತ್ತ
ದಿನಕ್ಕೆ ಹದಿನಾರು ಸಲ, ನಾಲ್ಕು ಭಾಷೆಯಲ್ಲಿ
ಅದೇ ಪಾಠ ಒಪ್ಪಿಸಿದವನು ನಾನು:
ಅಗೋ ವಿಲ್ಲೋ ಮರ, ಅದರ ಹಿಂದೆ ಗಂಟೆಗೋಪುರ,
ಒಂದು ಕಾಲಕ್ಕೆ ಇಲ್ಲಿ ಉಪ್ಪು ಇಳಿಯುತ್ತಿತ್ತು,
ಆಮೇಲೆ ಜಪಸರ ಮಾರುತ್ತಿದ್ದರು,
ಈಗ ನಿಮ್ಮನ್ನು ನಿಮಗೇ ಮಾರುತ್ತೇವೆ.
ಇದು ಜೋಕು. ಫ್ರೆಂಚಿನಲ್ಲಿ ಮಾತ್ರ ಕೂರುವುದಿಲ್ಲ,
ಅಲ್ಲಿ ಕೆಮ್ಮಿ ಮುಂದಕ್ಕೆ ಹೋಗುತ್ತೇನೆ.

ಬೆರಳು ತೋರಿಸುತ್ತಿದ್ದೆ ಅಷ್ಟೆ, ನೋಡಿದವನಲ್ಲ.
ಕಣ್ಣೆಲ್ಲ ಚುಕ್ಕಾಣಿಯ ಮೇಲೆ,
ಎದುರಿಗೆ ಅಡ್ಡಾದಿಡ್ಡಿ ಬರುವ ಬಾರ್ಟೆಲನ ದೋಣಿಯ ಮೇಲೆ.
ಇವತ್ತು ಕಂಬಿಗೆ ಒರಗಿ ನೋಡುತ್ತೇನೆ:
ಮೊಣಕಾಲುದ್ದ ನೀರಿಗಿಳಿದ ಇಟ್ಟಿಗೆ ಗೋಡೆಗಳು,
ಪಾಚಿ ಹತ್ತಿದ ಮೆಟ್ಟಿಲು ನಾಲ್ಕು,
ಉಪ್ಪು ತಿಂದ ಊರು
ಇನ್ನೂ ನೀರು ಕುಡಿಯುತ್ತಲೇ ಇದೆ.

ಮೂರನೆಯ ಕಿಟಕಿ ಮುಚ್ಚಿದೆ.

ಅಲ್ಲೊಬ್ಬನಿದ್ದ. ಬನಿಯನ್ನು ತೊಟ್ಟ ಮುದುಕ.
ಬೆಳಿಗ್ಗೆ ಹತ್ತಕ್ಕೆ, ನನ್ನ ಮೊದಲ ದೋಣಿಗೆ ಸರಿಯಾಗಿ
ಮುಖದ ತುಂಬ ನೊರೆ ಬಳಿದುಕೊಂಡು ಕಿಟಕಿಗೆ ಬಂದು
ಸೇನಾಪತಿ ಕತ್ತಿ ಎತ್ತಿದ ಹಾಗೆ
ಗಡ್ಡದ ಬುರುಸು ಎತ್ತುತ್ತಿದ್ದ.
ಒಂದೊಂದು ದಿನ ನೊರೆಯ ಹನಿ ನೀರಿಗೆ ಬಿದ್ದು
ಹಂಸದ ಮರಿ ಮೂಸಿ ನೋಡಿ, ಬೇಡವೆಂದು ಹೋಗುತ್ತಿತ್ತು.
ಎಷ್ಟು ದೇಶಗಳ ಫೋಟೋಗಳಲ್ಲಿ
ಅರ್ಧ ಬೋಳಿಸಿದ ಕೆನ್ನೆಯಲ್ಲೇ ನಿಂತಿದ್ದಾನೋ!
ಹೋದ ವರ್ಷ ಕೊನೆಯ ವಾರಗಳಲ್ಲಿ ಕಾಣಲಿಲ್ಲ.
ನಾನು ಯಾರನ್ನೂ ಕೇಳಲಿಲ್ಲ. ಯಾರನ್ನು ಕೇಳುವುದು?
ಹೆಸರೇ ಗೊತ್ತಿರಲಿಲ್ಲ.

ಒಂದು ಜೋಡಿ ಫೋನು ಚಾಚುತ್ತಾರೆ, ತೆಗೆದುಕೊಡುತ್ತೀರಾ?
ತೆಗೆಯುತ್ತೇನೆ. ಒಂದು. ಎರಡು. ಗೋಪುರ ತುಂಡಾಗಬಾರದು.
ಅಷ್ಟರಲ್ಲಿ ಗಾಜಿನ ಪರದೆಯೊಳಗೆ
ಮೂರನೆಯ ಕಿಟಕಿ ತೆರೆಯುತ್ತದೆ,
ಒಬ್ಬಾಕೆ ಮೇಜುಬಟ್ಟೆ ಕೊಡವುತ್ತಾಳೆ,
ರೊಟ್ಟಿಯ ಚೂರು ನೀರಿಗೆ ಉದುರುತ್ತದೆ.
ಹುಡುಗಿ ಅನ್ನುತ್ತಾಳೆ: ಆ ಹೆಂಗಸು ಒಳಗೆ ಹೋಗಲಿ, ಆಮೇಲೆ.

ನಾನು ಕೂಗಿದೆ. ಕಾಲುವೆಯಾಚೆಗೆ, ನಮ್ಮ ಫ್ಲೆಮಿಶಿನಲ್ಲಿ:
ಅಮ್ಮಾ, ಗಡ್ಡ ಹೆರೆಯುತ್ತಿದ್ದರಲ್ಲ, ಅವರು?
ಆಕೆ ಬಟ್ಟೆ ಕೊಡವುವುದನ್ನು ನಿಲ್ಲಿಸಿದಳು.
'ಅಕ್ಟೋಬರಿನಲ್ಲಿ,' ಅಂದಳು.
ಆಮೇಲೆ ಕಣ್ಣು ಕಿರಿದು ಮಾಡಿ, 'ತಡಿ ತಡಿ,
ಈ ದನಿ... ನೀನು ಆ ಉಪ್ಪಿನವನಲ್ಲವೇ?
ನಾಲ್ಕು ಭಾಷೆಯವನು?'

ಮುಖ ಕಂಡಿರಲಿಲ್ಲ ನನ್ನದು. ಕಿಟಕಿಯಡಿಯಿಂದ
ಹದಿನಾರು ಸಲ ಹಾದುಹೋಗುವ ದನಿ ನಾನು.
ಓದಿಲೋನ್ ನನ್ನ ಪಾಠವನ್ನೆಲ್ಲ ಬಾಯಿಪಾಠ ಮಾಡಿದ್ದನಂತೆ,
ಸೂಪು ಕಲಕುತ್ತ ಹೇಳುತ್ತಿದ್ದನಂತೆ, ತಲೆ ಬಗ್ಗಿಸಿ ಸಮೇತ.
'ಫ್ರೆಂಚಿನಲ್ಲಿ ನೀನು ಕೆಮ್ಮುತ್ತೀಯಲ್ಲ,
ಅದೊಂದೇ ಅವನಿಗೆ ಸಹಿಸುತ್ತಿರಲಿಲ್ಲ.
ಆ ಜೋಕು ಸರಿಮಾಡಿಟ್ಟಿದ್ದ ಕಣೋ,
ನಿನಗೆ ಹೇಳಬೇಕು ಹೇಳಬೇಕು ಅನ್ನುತ್ತಿದ್ದ.
ಕೇಳು.'

ಬಟ್ಟೆಯನ್ನು ಎದೆಗೆ ಒತ್ತಿಕೊಂಡು
ಆಕೆ ನೀರಿನ ಮೇಲಿಂದ ಜೋಕು ಹೇಳಿದಳು.
ಅರ್ಧ ತಲುಪಿತು. ಇನ್ನರ್ಧದ ಹೊತ್ತಿಗೆ
ಕಲ್ಲುಹಾಸಿನ ಮೇಲೆ ಬಿಯರ್ ಪೀಪಾಯಿಯ ವ್ಯಾನು
ಗಡಗಡ ಹಾದುಹೋಯಿತು.
ಆಕೆ ನಗುತ್ತಿದ್ದಳು. ನಾನೂ ನಕ್ಕೆ.
ಕಿಟಕಿ ಮುಚ್ಚಿತು.

ಆ ಜೋಡಿ ಫೋನು ಈಸಿಕೊಂಡು ನೋಡಿದರು:
ಹನ್ನೊಂದು ಚಿತ್ರ, ಹನ್ನೊಂದರಲ್ಲೂ ಬಿಳಿಯ ಬಟ್ಟೆ,
ಅವರಿಬ್ಬರ ತಲೆ ಅಂಚಿನಲ್ಲಿ ಅರ್ಧರ್ಧ.
ಪರವಾಗಿಲ್ಲ ಅಂದರು, ತುಂಬ ಮರ್ಯಾದೆಯಿಂದ,
ಬೇರೆ ಯಾರನ್ನೋ ಹುಡುಕಿಕೊಂಡು ಹೋದರು.

ಮಾರ್ಚಿಗೆ ಇನ್ನೂ ಹದಿನೇಳು ದಿನ.
ಕಂಬಿ ಹಿಡಿದು ನಿಂತು
ಬಾಯೊಳಗೇ ತಿರುಗಿಸುತ್ತೇನೆ ಆ ಅರ್ಧವನ್ನು.